ಕರಿ ಒಂದರ ಕಂಪ್ಯೂಟರ್

ಕಂಪ್ಯೂಟರನ್ನು ಬುದ್ಧಿ ಉಪಯೋಗಿಸಿ ಕೊಂಡವರಿದ್ದಾರೆ, ಮಕ್ಕಳ ಹಟಕ್ಕೆ ಕೊಂಡವರಿದ್ದಾರೆ, ಪಕ್ಕದ ಮನೆಯವರು ತಂದರೆಂಬ ಹೊಟ್ಟೆಕಿಚ್ಚಿಗೆ ಕೊಂಡವರಂತೂ ನಮ್ಮ ಬಾಗಲಕೋಟೆಯ ನವನಗರದಲ್ಲಿ ಸೆಕ್ಟರಿಗೆ ಹತ್ತು ಮಂದಿ ಸಿಗುತ್ತಾರೆ. ಆದರೆ ಅಂಗಡಿಯಲ್ಲಿ ಕಂಪ್ಯೂಟರಿನ ಹೊಟ್ಟೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, "ಸಾ..." ಎಂದು ಎಳೆದು ನೋಡಿ ಆರಿಸಿದವರು ಈ ಭೂಮಂಡಲದಲ್ಲಿ ಒಬ್ಬರೇ ಒಬ್ಬರು. ಅವರು ನನ್ನ ಸೋದರಮಾವ! ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೋ ನಾಚಿಕೆಯಿಂದ ಹೇಳುತ್ತಿದ್ದೇನೋ ನನಗೇ ಇನ್ನೂ ಗೊತ್ತಾಗಿಲ್ಲ. ಆ ದಿನ ಅಂಗಡಿಯಲ್ಲಿ ಅವರ ಪಕ್ಕ ನಿಂತಿದ್ದವನು ನಾನೇ ಆದ್ದರಿಂದ, ಹೋದ ಮರ್ಯಾದೆಯಲ್ಲಿ ಅರ್ಧ ನನ್ನದೂ ಇದೆ.

ಮಾವ ಇಳಕಲ್ಲಿನವರು. ಸೀರೆ ನೇಯುವ ಮನೆತನ. ಹಗಲು ಮಗ್ಗ, ಸಂಜೆ ಹಾರ್ಮೋನಿಯಂ. ಅದಕ್ಕೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಪೇಟಿಯ ಮೇಲೆ ಬಿಳಿ ಪಟ್ಟಿ, ಕರಿ ಪಟ್ಟಿಗಳಿರುತ್ತವಲ್ಲ, ಹಾಡುವವರು 'ನನ್ನದು ಕರಿ ಒಂದು', 'ನನ್ನದು ಬಿಳಿ ಎರಡು' ಎಂದು ಆ ಪಟ್ಟಿಯ ಲೆಕ್ಕದಲ್ಲಿ ತಮ್ಮ ಶ್ರುತಿ ಹೇಳಿಕೊಳ್ಳುವುದು ರೂಢಿ. ಅದು ಹಾಡುವವರ ಮಾತಾಯಿತು. ಮಾವನಿಗೆ ಅಷ್ಟಕ್ಕೆ ಸಮಾಧಾನವಿಲ್ಲ. ಸದ್ದು ಮಾಡುವ ಪ್ರತಿಯೊಂದಕ್ಕೂ ಒಂದು ಶ್ರುತಿ ಇದ್ದೇ ಇದೆ, ಅದನ್ನು ಕಂಡುಹಿಡಿದು ಸುತ್ತಲಿನವರಿಗೆ ತಿಳಿಸುವುದು ತನ್ನ ಜನ್ಮದ ಹೊಣೆ ಎಂದು ಅವರು ನಂಬಿದ್ದಾರೆ. ಕುಕ್ಕರ್ ಕೂಗಿದರೆ ಶ್ರುತಿ ಹೇಳುತ್ತಾರೆ. ಎಮ್ಮೆ ಕೂಗಿದರೆ ಶ್ರುತಿ ಹೇಳುತ್ತಾರೆ. ಒಮ್ಮೆ ಊಟದ ಪಂಕ್ತಿಯಲ್ಲಿ ಬೀಗರೊಬ್ಬರು ಸೀನಿದಾಗ, ಬಡಿಸುವವರು ನೀರು ಕೊಡುವ ಮೊದಲೇ ಮಾವ, "ಬಿಳಿ ಐದ್ರಿ! ಆದ್ರ ಕಡೀಕ ಸ್ವಲ್ಪ ಇಳೀತು, ಇನ್ನೊಮ್ಮೆ ಸೀನ್ರಿ ನೋಡೂಣು" ಎಂದುಬಿಟ್ಟರು. ಆ ಬೀಗರು ಇವತ್ತಿಗೂ ನಮ್ಮ ಮನೆಯಲ್ಲಿ ಊಟಕ್ಕೆ ಕೂಡುವುದಿಲ್ಲ.

ನನ್ನ ನಿಶ್ಚಿತಾರ್ಥಕ್ಕೆ ಸೋದರಮಾವನೇ ಇರಲಿಲ್ಲ ಎಂದರೆ ನೀವು ನಂಬುತ್ತೀರಾ? ಇಳಕಲ್ಲಿನಿಂದ ಬಾಗಲಕೋಟೆಗೆ ಏನು ದೂರ? ಮಾವ ಹೊಸ ಧೋತರ ಉಟ್ಟು ಸ್ಟ್ಯಾಂಡಿಗೇನೋ ಬಂದಿದ್ದರು. ಬಸ್ಸು ಹಾರ್ನ್ ಹೊಡೆಯಿತು. ಮಾವ ಮೆಟ್ಟಿಲ ಮೇಲಿಟ್ಟ ಕಾಲನ್ನು ಹಿಂದೆ ತೆಗೆದರು! "ಅದರ ಹಾರ್ನು ಯಾವ ಸ್ವರಕ್ಕೂ ನಿಲ್ಲವೊಲ್ದಾಗಿತ್ತಲೇ. ಹುನಗುಂದದ ತನಕ ಅದನ್ನ ಕೇಳಿಕೋತ ಬಂದಿದ್ರ ನಂಗ ವಾಂತಿ ಆಕ್ಕಿತ್ತು" ಎಂದು, ಎಲ್ಲರೂ ಸಕ್ಕರೆ ಹಂಚಿಕೊಂಡು ಎದ್ದ ಮೇಲೆ ಬಂದು ನನಗೇ ಗದರಿಸಿದರು.

ಇಂಥವರನ್ನು ಕಟ್ಟಿಕೊಂಡ ಅತ್ತೆ ಹೇಗಿರಬೇಕು? ಅವರು ಕಡಿಮೆ ಮಾತಿನವರು, ಮಾತಾಡಿದರೆ ನೇರ ಎದೆಗೆ ತಾಗುವಂತೆ ಮಾತಾಡುವವರು. ಎಷ್ಟೋ ವರ್ಷ ಅವರು ಪಡಸಾಲೆಯ ಕುಣಿಮಗ್ಗದಲ್ಲಿ ನೇಯ್ದರು. ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ಅದರ ಅಂಚಿಗೆ ಕೂತು, ಕಾಲು ಒಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಆಮೇಲೆ ಕೈಮಗ್ಗ ಬಿಚ್ಚಿ ಮನೆಯ ಹಿಂಭಾಗದಲ್ಲಿ ಪವರ್‌ಲೂಮ್ ಹಾಕಿಸಿದರು. ಆ ಗದ್ದಲದಲ್ಲಿ ದಿನಾ ನಿಂತು ನಿಂತು ಅತ್ತೆಯ ಕಿವಿ ಮಂದವಾಗುತ್ತ ಬಂದವು. ಬಾಗಲಕೋಟೆಯ ದವಾಖಾನೆಯಲ್ಲಿ ಪರೀಕ್ಷೆ ಮಾಡಿದ ಡಾಕ್ಟರು, "ಮ್ಯಾಲಿನ ಸಣ್ಣ ದನಿ ಎಲ್ಲಾ ಹೋಗ್ಯಾವ್ರಿ. ಕೆಳಗಿನ ದಪ್ಪ ದನಿ ಅಷ್ಟಿಷ್ಟು ಉಳದಾವ" ಎಂದರು. ಕಿವಿಗೆ ಮಷಿನ್ ಹಾಕಿಸಿದರೆ ಅದು ಕುಂಯ್ ಕುಂಯ್ ಎಂದು ತಾನೇ ಹಾಡತೊಡಗಿತು. ಅತ್ತೆ ಅದನ್ನು ತೆಗೆದು ಅರಿಶಿನ ಕುಂಕುಮದ ಡಬ್ಬಿಯಲ್ಲಿ ಇಟ್ಟರು.

ಮಾವನ ಪೇಟಿಗೆ ಊರಲ್ಲಿ ನೂರು ಮಂದಿ ತಲೆದೂಗುತ್ತಿದ್ದರೂ ಅವರು ಕಾಯುತ್ತಿದ್ದುದು ಒಂದೇ ಸರ್ಟಿಫಿಕೇಟಿಗೆ. ಬಾರಿಸಿ ಮುಗಿಸಿದ ಮೇಲೆ ಅತ್ತೆ ಒಳಗಿನಿಂದ, "ಇವತ್ತ ಛಲೋ ಆತ್ರಿ" ಎನ್ನಬೇಕು. ಇಲ್ಲವೇ, "ಇವತ್ತ ಏನೋ ಗಡಿಬಿಡಿ ಮಾಡಿದ್ರಿ" ಎನ್ನಬೇಕು. ಕಿವಿ ಹೋದ ಮೇಲೂ ಅತ್ತೆ ಗಂಡನ ಮನಸ್ಸು ನೋಯಬಾರದೆಂದು ಎದುರಿಗೆ ಕೂತು ಅವರ ಬೆರಳನ್ನೇ ನೋಡುತ್ತ ತಲೆದೂಗುತ್ತಿದ್ದರು. ಒಂದು ಸಂಜೆ ಮಾವ ಪೇಟಿಯ ಮೇಲಿನ ಧೂಳು ಒರೆಸುತ್ತಿದ್ದರು, ಇನ್ನೂ ಗಾಳಿಯೇ ಹಾಕಿರಲಿಲ್ಲ. ಅತ್ತೆ, "ಛಲೋ ಆತ್ರಿ" ಎಂದರು! ಕೇಳಿದವರೆಲ್ಲ ನಕ್ಕರು, ಮಾವನೂ ನಕ್ಕರು. ಆದರೆ ಅವತ್ತಿನಿಂದ ಪೇಟಿಗೆ ಬಟ್ಟೆ ಮುಚ್ಚಿಬಿಟ್ಟರು. ತಾನು ಬಾರಿಸಿದ್ದು ಆಕೆಗೆ ಒಮ್ಮೆ ಖರೆ ಖರೆ ಕೇಳಬೇಕು, ಇಲ್ಲದಿದ್ದರೆ ಬಾರಿಸುವುದೇ ಬೇಡ ಎಂದು ಆ ಮನುಷ್ಯನ ಹಟ.

ಆಗ ನಡೆಯಿತು ನೋಡಿ, ಲಾರಿಯ ಪ್ರಸಂಗ!

ಇಬ್ಬರೂ ನವನಗರದ ನಮ್ಮ ಮನೆಗೆ ಬಂದಿದ್ದರು. ನಾನು ಹೊಸದಾಗಿ ಕಂಪ್ಯೂಟರ್ ಕೊಂಡು, ತಮ್ಮನ ಹಳೆಯ ಟೇಪ್‌ರೆಕಾರ್ಡರಿನ ದೊಡ್ಡ ಸ್ಪೀಕರ್ ಡಬ್ಬಿಗಳನ್ನು ಅದಕ್ಕೆ ಜೋಡಿಸಿದ್ದೆ. ನಮ್ಮ ಆಫೀಸಿನವರೊಬ್ಬರು ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ. ಕೊಟ್ಟಿದ್ದರು. ಅದರಲ್ಲಿ ಒಂದು ಆರ್ಗನ್ನು. ಪರದೇಶದ ದೊಡ್ಡ ದೊಡ್ಡ ಚರ್ಚುಗಳಲ್ಲಿ ಹುಣಸೆಮರದಷ್ಟು ಎತ್ತರದ ಕೊಳವೆಗಳಿಗೆ ಗಾಳಿ ಊದಿ ನುಡಿಸುವ ವಾದ್ಯವಂತೆ. ಒಂದೊಂದೇ ಕೊಳವೆಯ ದನಿ ಹಿಡಿದು ತಂದು ಕಂಪ್ಯೂಟರಿನಲ್ಲಿ ತುಂಬಿಟ್ಟಿದ್ದರು. ಪೇಟಿಯ ಮುತ್ತಜ್ಜನಂತಿರುವ ಅದನ್ನು ಮಾವನಿಗೆ ತೋರಿಸೋಣವೆಂದು ನಾನು ಎಲ್ಲಕ್ಕಿಂತ ಕೆಳಗಿನ ಸ್ವರ ಒತ್ತಿದೆ. ಗುಂ...! ಗೂಡಿನಲ್ಲಿದ್ದ ಸ್ಟೀಲ್ ತಾಟುಗಳು ಗಲಗಲ ಎಂದವು. ಮಾವ ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಅತ್ತೆ ಸೌಟು ಹಿಡಿದುಕೊಂಡೇ ಹೊರಬಂದರು.

"ಬಾಗಲಾಗ ಯಾವ ಲಾರಿ ಬಂದು ನಿಂತೈತಿ?"

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಬಾಗಿಲು ಬಡಿದರೆ ಕೇಳದ, ಹೆಸರು ಹಿಡಿದು ಕೂಗಿದರೆ ತಿರುಗದ ಅತ್ತೆ! ಮಾವ ನನ್ನ ಭುಜ ಹಿಡಿದು ಅಲುಗಾಡಿಸಿದರು. "ಕೇಳ್ಸಿತಲೇ! ಅಕಿಗೆ ಕೇಳ್ಸಿತು! ಒತ್ತಲೇ ಇನ್ನೊಮ್ಮೆ!" ನಾನು ಒತ್ತಿದೆ. ಅತ್ತೆ ಹೊರಗೆ ಹೋಗಿ ರಸ್ತೆ ನೋಡಿ ಬಂದು, "ಲಾರಿ ಹಿಂದಕ್ಕ ತಗೀಲಿಕ್ಕತ್ತಾರೇನೋ" ಎಂದರು. ಮಾವ ಅಲ್ಲೇ ಎರಡು ಹೆಜ್ಜೆ ಕುಣಿದರು. ಸುಳ್ಳಲ್ಲ, ಧೋತರದ ಚುಂಗು ಕೈಯಲ್ಲಿ ಹಿಡಿದು ಕುಣಿದರು! "ನಾಳೆ ಕಂಪ್ಯೂಟರ್ ತಗೊಳ್ಳೂದು. ನೀ ರಜಾ ಹಾಕು" ಎಂದು ಅಪ್ಪಣೆಯೂ ಆಯಿತು.

ಮರುದಿನ ನವನಗರದ ಕಂಪ್ಯೂಟರ್ ಅಂಗಡಿಗೆ ಹೋದೆವು. ಅಂಗಡಿಯವರು ಉತ್ಸಾಹದ ಮನುಷ್ಯ. ಮೆಮೊರಿ ಎಷ್ಟು, ಹಾರ್ಡ್‌ಡಿಸ್ಕ್ ಎಷ್ಟು, ಸೌಂಡ್ ಕಾರ್ಡ್ ಎಂಥದು ಎಂದು ಉಸಿರು ಬಿಡದೆ ಹೇಳತೊಡಗಿದರು. ಆರ್ಗನ್ನಿಗೆ ಮೆಮೊರಿ ಭಾಳ ಬೇಕು, ಇಲ್ಲದಿದ್ದರೆ ದನಿ ತಡವಾಗಿ ಬರುತ್ತದೆ ಎಂದೂ ತಿಳಿಸಿದರು. ಎಷ್ಟು ಬೆಲೆಯುಳ್ಳ ಮಾತು! ಮಾವ ಅದನ್ನೆಲ್ಲ ಕೈಯೆತ್ತಿ ನಿಲ್ಲಿಸಿ, "ಅದಿರ್ಲಿ. ಇದನ್ನ ಚಾಲೂ ಮಾಡ್ರಿ" ಎಂದರು.

ಚಾಲೂ ಮಾಡಿದರು. ಒಳಗಿನ ಫ್ಯಾನು ತಿರುಗತೊಡಗಿತು. ಮಾವ ಮಂಡಿಯೂರಿ ಕೂತು, ರುಮಾಲು ಸರಿಸಿ, ಡಬ್ಬಿಗೆ ಕಿವಿ ಹಚ್ಚಿದರು.

"ಬಿಳಿ ನಾಕು. ಬ್ಯಾಡ. ಮುಂದಿಂದು."

"ಏನ್ರಿ?" ಎಂದರು ಅಂಗಡಿಯವರು.

"ಇದರ ಫ್ಯಾನು ಬಿಳಿ ನಾಕರಾಗ ಗುಂಯ್ ಅಂತೈತ್ರಿ. ನಮ್ಮ ಭಜನಿ ನಡಿಯೂದು ಕರಿ ಒಂದರಾಗ. ಮನ್ಯಾಗ ಹಗಲೆಲ್ಲ ಒಂದು ಶ್ರುತಿ, ಹಾಡೂದು ಒಂದು ಶ್ರುತಿ ಆದ್ರ ಹೆಂಗ? ಫ್ಯಾನ ಶ್ರುತಿ ಹಿಡದ್ರ ತಂಬೂರಿ ಬ್ಯಾರೆ ಯಾಕ ಬೇಕು?"

ಇದಕ್ಕೆ ಯಾವ ಕಂಪನಿಯವರು ಉತ್ತರ ಕೊಟ್ಟಾರು? ಅಂಗಡಿಯವರು ನನ್ನನ್ನು ಬದಿಗೆ ಕರೆದು, "ಇವ್ರು ಡಾಕ್ಟ್ರೇನ್ರಿ?" ಎಂದು ಪಿಸುಗುಟ್ಟಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ನಿಂತೆ. ಮಾವ ಒಂದಾದ ಮೇಲೊಂದು ಎಲ್ಲ ಯಂತ್ರಗಳನ್ನೂ ಚಾಲೂ ಮಾಡಿಸಿ, ಒಂದೊಂದರ ಹೊಟ್ಟೆಗೂ ಕಿವಿ ಕೊಟ್ಟು, 'ಸಾ' ಎಂದು ಹೋಲಿಸಿ ನೋಡಿ, ಒಂದೊಂದಕ್ಕೂ ತೀರ್ಪು ಕೊಟ್ಟರು. ಅಂಗಡಿಯಲ್ಲಿದ್ದ ಗಿರಾಕಿಗಳು ತಮ್ಮ ಕೆಲಸ ಬಿಟ್ಟು ಸುತ್ತ ನೆರೆದರು. ಒಬ್ಬ ಗೃಹಸ್ಥರಂತೂ ಆಗಲೇ ಕೊಂಡು ಕಟ್ಟಿಸಿಟ್ಟಿದ್ದ ಡಬ್ಬಿ ಬಿಚ್ಚಿಸಿ, "ನಂದೊಂದೀಟು ಕೇಳ್ರೀ ಯಜಮಾನ್ರ" ಎಂದರು! ಆರ್ಗನ್ನಿಗೆ ತಕ್ಕುದಾದ, ಅಂಗಡಿಯಲ್ಲೇ ಎಲ್ಲಕ್ಕಿಂತ ಬಲವಾದ ಯಂತ್ರ ಒಂದಿತ್ತು. ಅದರ ಮುಂದೆ ಮಾವ ಬಹಳ ಹೊತ್ತು ಕೂತರು. ಆಮೇಲೆ ಹುಳಿ ತಿಂದವರಂತೆ ಮುಖ ಮಾಡಿ ಎದ್ದರು. "ಇದು ಕರಿ ಒಂದೂ ಅಲ್ಲ, ಬಿಳಿ ಎರಡೂ ಅಲ್ಲ, ನಡುವ ಜೋತಾಡ್ತೈತಿ. ಇಂಥಾದ್ರ ಜೋಡಿ ಸಂಸಾರ ಆಗಂಗಿಲ್ಲ."

ಕೊನೆಗೆ ಅವರ ಕಿವಿ ನೆಟ್ಟಗಾದದ್ದು ಮೂಲೆಯ ಮೇಜಿನ ಕಡೆಗೆ. ಅಲ್ಲೊಂದು ಹಳೆಯ ಕಂಪ್ಯೂಟರ್ ಗುಂಯ್‌ಗುಟ್ಟುತ್ತಿತ್ತು. ಮಾವನ ಮುಖ ಅರಳಿತು. "ಕರಿ ಒಂದು! ಅಳ್ಳಾಡದ ಕರಿ ಒಂದು! ಇದ ಬೇಕು."

"ಅಯ್ಯ, ಅದು ಮಾರೂದಲ್ರಿ! ಅದರಾಗ ನಾವು ಬಿಲ್ ಬರೀತೀವಿ!" ಅಂಗಡಿಯವರು ಗಾಬರಿಯಾಗಿ ಅಡ್ಡ ನಿಂತರು.

ಮಾವ ಚೀಲದಿಂದ ಅಮೀನಗಡದ ಕರದಂಟು ತೆಗೆದು ಅವರ ಕೈಗಿಟ್ಟರು. ನಾನು ಬೇಡ ಎಂದೆ, ಅಂಗಡಿಯವರು ಬೇಡ ಎಂದರು, ಡಬ್ಬಿ ಬಿಚ್ಚಿಸಿದ್ದ ಗೃಹಸ್ಥರೂ ಬೇಡ ಎಂದರು. ಯಾರ ಮಾತು ನಡೆದೀತು? ಸಂಜೆಯ ಬಸ್ಸಿನಲ್ಲಿ ಬಿಲ್ ಬರೆಯುವ ಕಂಪ್ಯೂಟರ್ ಮಾವನ ತೊಡೆಯ ಮೇಲೆ ಕೂತು ಇಳಕಲ್ಲಿಗೆ ಹೊರಟಿತು. ಅಂಗಡಿಯವರು ಆವತ್ತು ಉಳಿದ ಬಿಲ್ಲುಗಳನ್ನು ಕೈಯಲ್ಲಿ ಬರೆದರಂತೆ.

ಮುಂದಿನ ರವಿವಾರ ನಾನು ಆರ್ಗನ್ನಿನ ಸಿ.ಡಿ. ತೆಗೆದುಕೊಂಡು ಹೋಗಿ ಎಲ್ಲ ಜೋಡಿಸಿಕೊಡಬೇಕಿತ್ತು. ಹೋಗಿ ನೋಡುತ್ತೇನೆ, ಮಾವ ಹಾಳುಬಿದ್ದಿದ್ದ ಮಗ್ಗದ ಕುಣಿಯನ್ನು ಬಳಿದು ಸಾರಿಸಿ ಇಟ್ಟಿದ್ದಾರೆ! ಆರ್ಗನ್ನನ್ನು ಕಾಲಿನಿಂದಲೂ ನುಡಿಸುತ್ತಾರೆ, ದಪ್ಪ ದನಿಗಳೆಲ್ಲ ಕಾಲಿನವೇ ಎಂದು ನಾನು ಹೇಳಿದ್ದೇ ತಪ್ಪಾಯಿತು. ಹಳೆಯ ಮಗ್ಗದ ತುಳಿಯುವ ಹಲಗೆಗಳನ್ನು ಅಟ್ಟದಿಂದ ಇಳಿಸಿ, ಕುಣಿಯಲ್ಲಿ ಕೂಡಿಸಿ, ಅವುಗಳ ಕೆಳಗೆ ಕಂಪ್ಯೂಟರಿನ ಟೈಪು ಮಾಡುವ ಕೀಲಿಮಣೆಯನ್ನು ಮಲಗಿಸಿದ್ದರು. ಹಲಗೆ ತುಳಿದರೆ ಅದು ಕೀಲಿ ಒತ್ತಬೇಕು, ಕೀಲಿ ಒತ್ತಿದರೆ ಪರದೇಶದ ಚರ್ಚಿನ ಕೊಳವೆ ಇಳಕಲ್ಲಿನಲ್ಲಿ ಊದಬೇಕು. ಆಶ್ಚರ್ಯವೆಂದರೆ ಆ ವ್ಯವಸ್ಥೆ ನಡೆಯಿತು! ಕೈಗೆ ಬೇರೆ ಎಲೆಕ್ಟ್ರಾನಿಕ್ ಕೀಬೋರ್ಡನ್ನೂ ತಂದಿದ್ದರು. ಅತ್ತೆ ಕಂಪ್ಯೂಟರಿಗೆ ಕುಂಕುಮ ಹಚ್ಚಿ, ಧೂಳು ಬೀಳಬಾರದೆಂದು ಒಂದು ಹಳೆಯ ಇಳಕಲ್ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹೊದಿಸಿದ್ದರು. ಒಳಗೆ ಗಾಳಿ ಆಡದೆ ಬಿಸಿಯಾಗಿ ಫ್ಯಾನು ಜೋರಾಯಿತು. ಮಾವ ಓಡಿಬಂದು, "ಅಯ್ಯಯ್ಯ, ಇದಕ್ಕ ಜ್ವರ ಬಂದಾವು! ಕರಿ ಒಂದು ಹೋಗಿ ಬಿಳಿ ಎರಡಕ್ಕ ಏರೇತಿ!" ಎಂದು ಹೊದಿಕೆ ಕಿತ್ತೆಸೆದರು.

ಭಜನಾ ಮಂಡಳಿಯವರೆಲ್ಲ ಬಂದು ಕೂತರು. ಮಾವ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟರು. ಎದುರಿನ ಅಂಚಿಗೆ ಅತ್ತೆಯನ್ನು ಕೂಡಿಸಿದರು. ಕಣ್ಣು ಮುಚ್ಚಿ 'ಸಾ' ಒತ್ತಿದರು. ದನಿ ಬರಲಿಲ್ಲ. 'ರಿ' ಒತ್ತಿದರು. ಆಗ 'ಸಾ' ಬಂತು! 'ಗ' ಒತ್ತುವಾಗ 'ರಿ' ಬಂತು. ಬಿಲ್ ಬರೆಯುವ ಕಂಪ್ಯೂಟರ್ ತನ್ನ ಬಡ ಮೆಮೊರಿಯಲ್ಲಿ ಹುಡುಕಿ ಹುಡುಕಿ ಒಂದೊಂದೇ ಕೊಳವೆಯನ್ನು ಹೊರಗೆ ತರುತ್ತಿತ್ತು. ಮಾವ ಸೋಲುವ ಆಸಾಮಿಯೇ? ಒಂದು ಸ್ವರ ಮುಂಚಿತವಾಗಿಯೇ ಒತ್ತಿಕೊಂಡು ಓಡತೊಡಗಿದರು. ತಬಲಾದವರು ಅವರ ಬೆರಳು ನೋಡಬೇಕೋ ದನಿ ಕೇಳಬೇಕೋ ತಿಳಿಯದೆ ಬೆವತು ಹೋದರು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದೆವು.

ಅತ್ತೆ ಮಾತ್ರ ನಗಲಿಲ್ಲ. ಗಂಡನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು: "ಇನ್ನೂ ಚಾಲೂ ಮಾಡಿಲ್ಲೇನ್ರಿ?"

ನಗು ನಿಂತುಹೋಯಿತು. ಕಂಪ್ಯೂಟರಿನ ಜೊತೆ ಬಂದ ಅಂಗೈಯಷ್ಟು ಸ್ಪೀಕರುಗಳು ಕೀಚಲು ದನಿಯಲ್ಲಿ ಇನ್ನೂ ಹಾಡುತ್ತಲೇ ಇದ್ದವು. ಅವುಗಳಲ್ಲಿ ದಪ್ಪ ದನಿ ಬರುವುದೇ ಇಲ್ಲವೆಂಬುದು ನನಗಾದರೂ ಹೊಳೆಯಬಾರದೇ? ಮಾವ ಬೆರಳು ತೆಗೆದರು. "ಇಲ್ಲ, ಇನ್ನೂ ಚಾಲೂ ಮಾಡಿಲ್ಲ" ಎಂದು ಕೈಸನ್ನೆ ಮಾಡಿ ತೋರಿಸಿ ಎದ್ದುಹೋದರು. ಅವತ್ತು ಅವರು ಊಟ ಮಾಡಲಿಲ್ಲ. ನಾನು ರಾತ್ರಿಯ ಬಸ್ಸಿಗೆ ಊರಿಗೆ ಮರಳಿದೆ.

ಮರುದಿನ ನಾನು ನವನಗರದಲ್ಲಿ ಆಫೀಸಿಗೆ ಹೊರಟು ನಿಂತಿದ್ದೆ. ಬಾಗಿಲಲ್ಲಿ ಮಾವ! ಕಂಕುಳಲ್ಲಿ ಅದೇ ಸೀರೆಯಲ್ಲಿ ಸುತ್ತಿದ ಕಂಪ್ಯೂಟರ್. "ನಡಿ ಅಂಗಡಿಗೆ" ಎಂದರು.

ಅಂಗಡಿಯವರು ನಮ್ಮನ್ನು ಕಂಡು, ಹೊಸ ಬಿಲ್ಲಿನ ಕಂಪ್ಯೂಟರಿಗೆ ಕೈ ಅಡ್ಡ ಹಿಡಿದರು. ಮಾವ ಅದರ ಕಡೆ ನೋಡಲೂ ಇಲ್ಲ. ನೇರವಾಗಿ ಹೋಗಿ ಆ ಬಲವಾದ, ನಡುವೆ ಜೋತಾಡುವ ಯಂತ್ರದ ಮುಂದೆ ನಿಂತರು. "ಇದನ್ನ ಕೊಡ್ರಿ. ಹಳೇದು ತಿರುಗಿ ತಗೋರಿ."

"ಇದು ನಿಮ್ಮ ಶ್ರುತಿಗೆ ಕೂಡಂಗಿಲ್ಲ ಅಂದಿದ್ರಲ್ರೀ ಯಜಮಾನ್ರ? ಇನ್ನೊಮ್ಮೆ ಕೇಳಿ ನೋಡ್ತೀರೇನು?"

"ಬ್ಯಾಡ್ರಿ" ಎಂದರು ಮಾವ. "ಕೇಳಬೇಕಾದಾಕಿ ಅಕಿ. ನಾ ಅಲ್ಲ."

ಬಸ್ಸಿನ ಹಾರ್ನಿಗೆ ಹೇಸಿ ಸ್ವಂತ ಅಳಿಯನ ನಿಶ್ಚಿತಾರ್ಥ ತಪ್ಪಿಸಿಕೊಂಡ ಮನುಷ್ಯ ಇವರು! ಹಗಲೂ ಸಂಜೆಯೂ ತನ್ನ ಮನೆಯಲ್ಲಿ ತಾನೇ ಒಂದು ಅಪಸ್ವರವನ್ನು ತಂದು ಕೂಡಿಸಿಕೊಳ್ಳುತ್ತಿದ್ದಾರೆ. ಆ ದಿನವೂ ರಜೆ ಹಾಕಿ ಅವರ ಜೊತೆಗೇ ಇಳಕಲ್ಲಿಗೆ ಹೋದೆ. ಸ್ಟ್ಯಾಂಡಿನಲ್ಲಿ ಇಳಿದವರೇ ಮದುವೆ ಮುಂಜಿಗೆ ಮೈಕ್ ಸೆಟ್ ಕೊಡುವವರ ಮನೆಗೆ ಹೋಗಿ, ಇಬ್ಬರು ಎತ್ತಿದರೂ ಏಳದ ಒಂದು ಸ್ಪೀಕರ್ ಪೆಟ್ಟಿಗೆಯನ್ನು ಕೈಗಾಡಿಯಲ್ಲಿ ಹೇರಿಸಿಕೊಂಡು ಬಂದೆವು. ಅದನ್ನು ಕುಣಿಯೊಳಗೇ ಇಳಿಸಿದೆವು. ಇನ್ನು ಶ್ರುತಿಯ ಮಾತು. ಫ್ಯಾನನ್ನು ಆರ್ಗನ್ನಿಗೆ ಹೊಂದಿಸಲಾಗದು, ಆದರೆ ಆರ್ಗನ್ನನ್ನು ಫ್ಯಾನಿಗೆ ಹೊಂದಿಸಬಹುದಲ್ಲ! ಮೌಸು ಹಿಡಿದು ನಾನು ಇಷ್ಟಿಷ್ಟೇ ಏರಿಸಿದೆ, ಮಾವ ಕಣ್ಣುಮುಚ್ಚಿ, "ಹೂಂ... ಇನ್ನೊಂದೀಟು... ನಿಲ್ಸು!" ಎಂದರು. ಹೀಗೆ ಪರದೇಶದ ಚರ್ಚೊಂದು ಕರಿ ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಬಂದು ನಿಂತಿತು. ಭಜನಾ ಮಂಡಳಿಯವರು ಗೊಣಗಿದರು. ಇವತ್ತಿಗೂ ಆ ಮಂಡಳಿ ಹಾಡುವುದು ಆ ಫ್ಯಾನಿನ ಶ್ರುತಿಗೇ, ಬೇರೆ ಊರಿನ ಪೇಟಿಯವರು ಅವರ ಜೊತೆ ಕೂಡಲಾರದೆ ಕೈಮುಗಿಯುತ್ತಾರೆ.

ಸಂಜೆ ಮತ್ತೆ ಎಲ್ಲರೂ ಕೂತರು. ಈ ಸಲ ಯಾರೂ ನಗುತ್ತಿರಲಿಲ್ಲ. ಅತ್ತೆ ಎದುರಿನ ಅಂಚಿನಲ್ಲಿ ಕಾಲು ಇಳಿಬಿಟ್ಟು, ಸೆರಗು ಹೊದ್ದು, ಸುಮ್ಮನೆ ಗಂಡನ ಮುಖ ನೋಡುತ್ತಿದ್ದರು. ಮಾವ ಎಲ್ಲಕ್ಕಿಂತ ಎಡಗಡೆಯ ಹಲಗೆಯ ಮೇಲೆ ಪಾದವಿಟ್ಟು ತುಳಿದರು.

ಗುಂ...! ದನಿ ತಡಮಾಡಲಿಲ್ಲ, ತುಳಿದ ಕೂಡಲೇ ಎದ್ದಿತು. ಕುಣಿಯ ತುಂಬ ತುಂಬಿಕೊಂಡು ಪಡಸಾಲೆಗೆಲ್ಲ ಹರಡಿತು. ಕಿಟಕಿಯ ಸರಳು ನಡುಗಿದವು. ಅತ್ತೆಯ ಕೈ ತಾನಾಗಿ ಎದೆಯ ಮೇಲೆ ಹೋಯಿತು.

"ಬಂತ್ರಿ" ಎಂದರು.

"ಎಲ್ಲೆ ಬಂತು?" ಮಾವ ಕೈಸನ್ನೆ ಮಾಡಿ ಕೇಳಿದರು.

"ಮೊದಲ ಅಂಗಾಲಿಗೆ ಬಂತು. ಆಮ್ಯಾಲೆ..." ಅತ್ತೆ ಕಿವಿ ಮುಟ್ಟಿ ತೋರಿಸಿದರು. "ಇಲ್ಲೂ ಬಂತು. ಖರೇನ ಬಂತು. ನಿಮ್ಮಾಣಿ. ನಿಲ್ಲಸಬ್ಯಾಡ್ರಿ."

ಮಾವ ನಿಲ್ಲಿಸಲಿಲ್ಲ. ಮನೆಯಲ್ಲಿ ದಿನಾ ಹಾಡುತ್ತಿದ್ದ ಭಜನೆಯನ್ನು ಕೀಬೋರ್ಡಿನ ಕೆಳಗಿನ ಸ್ವರಗಳಲ್ಲೇ ನಿಧಾನವಾಗಿ ಬಾರಿಸತೊಡಗಿದರು. ಎರಡು ಸಾಲು ಆಗಿತ್ತೋ ಇಲ್ಲವೋ, ಅತ್ತೆ ಬಾಯಿ ತೆರೆದು ಹಾಡಿಬಿಟ್ಟರು! ಕಿವಿ ಹೋದಾಗಿನಿಂದ ಅವರು ಹಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ತನ್ನ ದನಿ ತನಗೆ ಕೇಳದೆ ಹಾಡುವವರ ಶ್ರುತಿ ಎಲ್ಲಿ ನಿಂತೀತು? ಅದು ಮೊದಲ ಸಾಲಿಗೇ ಜಾರಿತು, ಎರಡನೆಯ ಸಾಲಿಗೆ ಇನ್ನೂ ಇಳಿಯಿತು. ತಬಲಾದವರ ಕೈ ನಿಂತಿತು. ಮಂಡಳಿಯವರೆಲ್ಲ ಮಾವನ ಕಡೆ ನೋಡಿದರು. ಬೀಗರ ಸೀನನ್ನೂ ಬಿಡದ ಮನುಷ್ಯ ಈಗ ಏನನ್ನುತ್ತಾರೋ!

ಮಾವನ ಬೆರಳು ಇದ್ದ ಪಟ್ಟಿ ಬಿಟ್ಟು ಪಕ್ಕದ್ದಕ್ಕೆ ಹೋಯಿತು, ಅಲ್ಲಿಂದ ಅದರ ಪಕ್ಕಕ್ಕೆ. ಅತ್ತೆಯ ದನಿ ಎಲ್ಲಿದೆಯೆಂದು ತಡಕಾಡಿ ಹುಡುಕಿ ಅದರ ಕೆಳಗೆ ತಮ್ಮ ಸ್ವರ ಇಟ್ಟರು. ಅತ್ತೆ ಮತ್ತೆ ಜಾರಿದರು, ಬೆರಳು ಮತ್ತೆ ಜಾರಿತು. ಅತ್ತೆ ಕಣ್ಣು ಮುಚ್ಚಿ ನಗುನಗುತ್ತ ಹಾಡುತ್ತಲೇ ಇದ್ದರು. ನನಗೆ ತಡೆಯಲಾಗಲಿಲ್ಲ. ಬಗ್ಗಿ ಮಾವನ ಕಿವಿಯಲ್ಲಿ ಹೇಳಿದೆ: "ಮಾವ, ಅತ್ತಿ ಶ್ರುತಿ ಬಿಟ್ಟು ಭಾಳ ದೂರ ಹೊಂಟಾಳ."

ಮಾವ ನನ್ನ ಕಡೆ ತಿರುಗಲಿಲ್ಲ. ಅವರ ಮೀಸೆಯ ಮೇಲೆ ನೀರು ಇಳಿಯುತ್ತಿತ್ತು.

"ಹೋಗ್ಲಿ ಬಿಡಲೇ" ಎಂದರು. "ನಾ ಅಕಿ ಹಿಂದ ಹೊಂಟೇನಿ."